ದಿನಗಳ ಲೆಕ್ಕ ಬಲ್ಲವರು: ಕಂಕನಾಡಿಯ ಫಾದರ್ ಅಗಸ್ಟಸ್ ಮುಲ್ಲರ್

ನವೆಂಬರ್ 1 ನಮಗೆಲ್ಲ ನಾಡಹಬ್ಬದ ದಿನ. ಹರಿದು ಹಂಚಿಹೋಗಿದ್ದ ಕನ್ನಡ ಸೀಮೆಗಳು 1956ರಲ್ಲಿ ಒಂದುಗೂಡಿದ್ದು ಇದೇ ತೇದಿಯಂದು. ಕಥೋಲಿಕ ಕ್ರೈಸ್ತರಿಗೂ ಇದು ಹಬ್ಬವೇ. ಅವರು ಈ ದಿನ ಸಕಲ ಸಂತರನ್ನು ಸ್ಮರಿಸುತ್ತಾರೆ, ಮರುದಿನ ಗತಿಸಿದ ತಮ್ಮ ಬಂಧುಬಾಂಧವರ ಆತ್ಮಗಳಿಗಾಗಿ ಪ್ರಾರ್ಥಿಸುತ್ತಾರೆ. 1910ರ ನವೆಂಬರ್ 1ರಂದು ಮಂಗಳೂರಿನ ಕಂಕನಾಡಿಯಲ್ಲಿ ಒಬ್ಬ ಜರ್ಮನ್ ಪಾದ್ರಿಗಳು ತಮ್ಮ ಆಯುಷ್ಯವನ್ನು ಮುಗಿಸಿದರು. ಆಗ ಮಂಗಳೂರು ಮದರಾಸು ಪ್ರಾಂತಕ್ಕೆ ಸೇರಿತ್ತು. ಅದು ಕನ್ನಡ ರಾಜ್ಯದ ಭಾಗವಾಗಲು ಇನ್ನೂ 46 ವರ್ಷಗಳಿದ್ದವು. ಆ ಮಹನೀಯರೇ ಫಾದರ್ ಅಗಸ್ಟಸ್ ಮುಲ್ಲರ್.

ಫಾದರ್ ಮುಲ್ಲರ್ ಆಸ್ಪತ್ರೆಯ ಹೆಸರನ್ನು ಕೇಳದ ದಕ್ಷಿಣ ಕನ್ನಡಿಗರು ವಿರಳ. ನಮ್ಮ ಸಂಘದ ಸದಸ್ಯರಲ್ಲಿಯೂ ಅಲ್ಲಿ ಜನಿಸಿದವರು, ಅಲ್ಲಿ ಚಿಕಿತ್ಸೆ ಪಡೆದವರು ಇದ್ದಾರೆ. ಆದರೆ ಆಸ್ಪತ್ರೆಯ ಹೆಸರು ಬಾಯಿಗೆ ರೂಢಿಯಾದಂತೆಲ್ಲ ಆ ಹೆಸರಿನ ಮನುಷ್ಯರು ಮರೆಯಾಗಿದ್ದಾರೆ. ಆದುದರಿಂದ ಈ ಸ್ಮರಣ ಸಂಚಿಕೆಯಲ್ಲಿ ಅವರನ್ನು ನೆನೆಯುವುದು ಉಚಿತವೆಂದು ಭಾವಿಸಿದ್ದೇವೆ.

ಮುಲ್ಲರರು 1841ರ ಮಾರ್ಚ್ 13ರಂದು ಜರ್ಮನಿಯ ವೆಸ್ಟ್‌ಫಾಲಿಯಾ ಸೀಮೆಯಲ್ಲಿ ಜನಿಸಿದರು. ತರುಣರಾಗಿದ್ದಾಗಲೇ ಜೆಸುಯಿಟ್ ಪಾದ್ರಿಗಳ ಯೇಸು ಸಭೆಯನ್ನು ಸೇರಿದರು. ಸಂತ ಇಗ್ನೇಷಿಯಸ್ ಲೊಯೋಲರ ನೇತೃತ್ವದಲ್ಲಿ ಹುಟ್ಟಿ 1540ರಲ್ಲಿ ಪೋಪರ ಸಮ್ಮತಿ ಪಡೆದ ಈ ಸಭೆಯ ಶಿಸ್ತನ್ನು ಇಲ್ಲಿ ಸ್ವಲ್ಪ ತಿಳಿದುಕೊಳ್ಳಬೇಕು. ಮನುಷ್ಯನು ದೇವರನ್ನು ಸ್ತುತಿಸಿ, ಸೇವಿಸಿ, ತನ್ನ ಆತ್ಮವನ್ನು ಉಳಿಸಿಕೊಳ್ಳಲೆಂದೇ ಹುಟ್ಟಿದ್ದಾನೆ. ಆರೋಗ್ಯ, ಐಶ್ವರ್ಯ, ಕೀರ್ತಿ, ದೀರ್ಘಾಯುಷ್ಯ ಇವೆಲ್ಲವನ್ನೂ ಆ ಗುರಿಗೆ ನೆರವಾಗುವಷ್ಟು ಮಾತ್ರ ಬಳಸಬೇಕು ಎಂಬುದು ಇಗ್ನೇಷಿಯಸರ ಬೋಧನೆಯ ತಿರುಳು. ಇದಕ್ಕಾಗಿ ಆ ಸಭೆಯವರು ಪ್ರತಿದಿನ ಮಧ್ಯಾಹ್ನಕ್ಕೊಮ್ಮೆ, ರಾತ್ರಿಗೊಮ್ಮೆ ಆತ್ಮಶೋಧನೆಗೆ ಕುಳಿತುಕೊಳ್ಳುವ ಪದ್ಧತಿಯುಂಟು. ನಾವು ಬ್ಯಾಂಕಿನವರು ಸಂಜೆ ಕೈಶಿಲ್ಕು ತಾಳೆಯಾಗದೆ ಮನೆಗೆ ಹೊರಡುವುದಿಲ್ಲ; ಅವರು ದಿನದ ಲೆಕ್ಕವನ್ನು ದೇವರ ಮುಂದಿಟ್ಟ ಹೊರತು ಮಲಗುವುದಿಲ್ಲ.

1878ರ ಡಿಸೆಂಬರ್ 31ರಂದು, ವರ್ಷದ ಕಟ್ಟಕಡೆಯ ದಿನ, ಮೊದಲ ಜೆಸುಯಿಟ್ ತಂಡದೊಂದಿಗೆ ಮುಲ್ಲರರು ಮಂಗಳೂರಿಗೆ ಬಂದಿಳಿದರು. 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಪಾಠ ಹೇಳುವುದು ಅವರ ಪಾಲಿಗೆ ಬಂದ ಕೆಲಸ. ಹೋಮಿಯೋಪಥಿಯನ್ನು ಬಲ್ಲವರಾಗಿದ್ದುದರಿಂದ ಬಿಡುವಿನ ವೇಳೆಯಲ್ಲಿ ಕಾಯಿಲೆಯವರಿಗೆ ಔಷಧ ಕೊಡತೊಡಗಿದರು. ಅದೇ 1880ರಲ್ಲಿ ಕಂಕನಾಡಿಯ ಆಲದ ಮರದಡಿಯಲ್ಲಿ ಬಡವರ ಔಷಧಾಲಯ ಶುರುವಾಯಿತು. ಜಾತಿ ಮತಗಳ ಭೇದವಿಲ್ಲದೆ ಜನರು ಬಂದರು. ಬಿಡುವಿನ ವೇಳೆಯ ಕೆಲಸವೇ ಮುಂದೆ ಅವರ ಬಾಳಿನ ಕೆಲಸವಾಯಿತು.

ಹೋಮಿಯೋಪಥಿಯ ಗುಣವನ್ನು ಇಂದಿನ ವೈದ್ಯವಿಜ್ಞಾನ ಒಪ್ಪುವುದಿಲ್ಲವೆಂಬುದನ್ನು ನಾವು ಬಲ್ಲೆವು. ಆದರೆ ಆ ಕಾಲದಲ್ಲಿ ಬಡವನ ಮನೆಗೆ ಯಾವ ವೈದ್ಯರೂ ಬರುತ್ತಿದ್ದುದು ಅಪರೂಪ. ಹೆಸರು ಕೇಳಿ, ನಾಡಿ ಹಿಡಿದು, ನಾಳೆ ಬಾ ಎಂದು ಕಳುಹಿಸುವ ಒಬ್ಬರು ಇದ್ದಾರೆಂಬುದೇ ರೋಗಿಗೆ ದೊಡ್ಡ ಆಸರೆ. ಮುಲ್ಲರರು ನೆಟ್ಟ ಬೇರಿನಿಂದಲೇ ಮುಂದೆ ಆಧುನಿಕ ಚಿಕಿತ್ಸೆಯ ದೊಡ್ಡ ಆಸ್ಪತ್ರೆಯೂ 1999ರಲ್ಲಿ ವೈದ್ಯಕೀಯ ಕಾಲೇಜೂ ಬೆಳೆದುಬಂದವು.

ವಾಣಿಜ್ಯ ಓದಿದ ನಮಗೆ ಮುಲ್ಲರರ ಇನ್ನೊಂದು ಗುಣ ವಿಶೇಷವಾಗಿ ಹಿಡಿಸುತ್ತದೆ. ಉಚಿತ ಔಷಧ ಹಂಚುವವರ ಉತ್ಸಾಹ ಹಲವು ವೇಳೆ ಹಣ ಮುಗಿದೊಡನೆ ಮುಗಿಯುತ್ತದೆ. ಮುಲ್ಲರರು ಹಾಗಾಗಗೊಡಲಿಲ್ಲ. ಔಷಧಗಳನ್ನು ಅಂಚೆಯ ಮೂಲಕ ದೇಶದ ನಾನಾ ಕಡೆಗೆ ಕಳುಹಿಸಿ ಮಾರಿದರು. ಕೊಳ್ಳಬಲ್ಲವರಿಂದ ಬಂದ ಆ ಹಣದಿಂದ ಕೊಳ್ಳಲಾರದವರ ಆರೈಕೆ ನಡೆಯಿತು. ಪರಲೋಕದ ಮೇಲೆ ದೃಷ್ಟಿಯಿಟ್ಟವರು ಇಹದ ಜಮಾಖರ್ಚಿನಲ್ಲಿ ಅಜಾಗರೂಕರಾಗಿರುತ್ತಾರೆಂಬ ತಿಳಿವಳಿಕೆ ತಪ್ಪೆಂಬುದಕ್ಕೆ ಬೇರೆ ನಿದರ್ಶನ ಬೇಡ.

1890ರಲ್ಲಿ ಅವರು ಕುಷ್ಠರೋಗಿಗಳಿಗೆ ಆಶ್ರಯಧಾಮವನ್ನು ತೆರೆದರು. ಕುಷ್ಠದ ರೋಗಾಣುವನ್ನು ನಾರ್ವೆಯ ಹ್ಯಾನ್ಸೆನ್ ಎಂಬ ವೈದ್ಯರು 1873ರಲ್ಲಿಯೇ ಗುರುತಿಸಿದ್ದರೂ ತಕ್ಕ ಮದ್ದು ದೊರೆತದ್ದು 1940ರ ದಶಕದಲ್ಲಿ. ಹಾಗಾದರೆ ಗುಣಪಡಿಸಲಾರದ ರೋಗಿಗಳನ್ನು ಕೂಡಿಸಿಕೊಂಡು ಮುಲ್ಲರರು ಮಾಡಿದ್ದೇನು? ಮನೆಯವರೇ ಹೊರಗೆ ಹಾಕಿದವರಿಗೆ ಸೂರು, ಅನ್ನ, ಹುಣ್ಣಿಗೆ ಪಟ್ಟಿ, ಸಾಯುವ ಹೊತ್ತಿನಲ್ಲಿ ಪಕ್ಕದಲ್ಲೊಬ್ಬರು. ಈ ಧಾಮಕ್ಕೆ ಸಂತ ಜೋಸೆಫರ ಹೆಸರಿಟ್ಟರು. ಕಥೋಲಿಕ ಸಂಪ್ರದಾಯದಲ್ಲಿ ಜೋಸೆಫರು ಸನ್ಮರಣದ ಪಾಲಕರು. ಯೇಸು ಮತ್ತು ಮರಿಯಮ್ಮನವರ ಸಾನ್ನಿಧ್ಯದಲ್ಲಿ ಅವರು ಪ್ರಾಣ ಬಿಟ್ಟರೆಂಬುದು ನಂಬಿಕೆ. ಕಡೆಯ ತೀರ್ಪಿನ ದಿನ ಹಸಿದವರಿಗೆ ಉಣಿಸಿದೆಯಾ, ರೋಗಿಯನ್ನು ಕಂಡು ಬಂದೆಯಾ ಎಂಬುದನ್ನೇ ವಿಚಾರಿಸಲಾಗುವುದೆಂದು ಮತ್ತಾಯನ ಸುವಾರ್ತೆ ತಿಳಿಸುತ್ತದೆ. ಮುಲ್ಲರರಿಗೆ ಪರಲೋಕದ ಸಿದ್ಧತೆಯೂ ರೋಗಿಯ ಹಾಸಿಗೆಯ ಬಳಿಯ ಕೆಲಸವೂ ಒಂದೇ ಆಗಿದ್ದವು.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ನಮ್ಮ ನಾಸಿಕಕ್ಕೂ ಹಬ್ಬಿ, ದಕ್ಷಿಣದ ಊರುಗಳನ್ನೂ ನಡುಗಿಸಿತು. ಪ್ಲೇಗೆಂದರೆ ಹೆತ್ತವರೂ ಮಕ್ಕಳನ್ನು ಮುಟ್ಟಲಂಜುತ್ತಿದ್ದ ಕಾಲ. 1902ರಲ್ಲಿ, ತಮ್ಮ 61ನೆಯ ವಯಸ್ಸಿನಲ್ಲಿ, ಮುಲ್ಲರರು ಪ್ಲೇಗಿನವರಿಗಾಗಿಯೇ ಆಸ್ಪತ್ರೆ ತೆರೆದರು. ಸರಕಾರವು ಕೈಸರ್-ಇ-ಹಿಂದ್ ಪದಕವನ್ನಿತ್ತು ಅವರನ್ನು ಗೌರವಿಸಿತು. ಮಂಗಳೂರಿಗೆ ಬಂದಂದಿನಿಂದ ಕಣ್ಣು ಮುಚ್ಚಿದಂದಿನವರೆಗೆ ಲೆಕ್ಕ ಹಾಕಿದರೆ 31 ವರ್ಷ 10 ತಿಂಗಳು, ಅಂದರೆ ಸುಮಾರು 11,600 ದಿನಗಳು. ಶರಣರ ಗುಣವನ್ನು ಮರಣದಲ್ಲಿ ಕಾಣಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಸಕಲ ಸಂತರ ಹಬ್ಬದಂದೇ ಮುಲ್ಲರರಿಗೆ ಕರೆ ಬಂದುದನ್ನು ಭಕ್ತರು ದೈವಕೃಪೆಯೆಂದು ಎಣಿಸಿದರೆ ಆಶ್ಚರ್ಯವಿಲ್ಲ.

ಈ ಜೀವನದಿಂದ ಹೊರನಾಡ ಕನ್ನಡಿಗರಾದ ನಮಗೇನು ಪಾಠ? ಉದ್ಯೋಗದ ನಿಮಿತ್ತ ನಾವು ಮೊದಲು ಛತ್ರಪತಿ ಸಂಭಾಜಿನಗರದಲ್ಲಿದ್ದು ಈಗ ನಾಸಿಕದಲ್ಲಿದ್ದೇವೆ. ಎರಡೂ ಊರುಗಳಲ್ಲಿ ನಮ್ಮವರ ಬಾಯಲ್ಲಿ ಒಂದೇ ಮಾತು: ವರ್ಗವಾಗಲಿ, ನಿವೃತ್ತಿಯಾಗಲಿ, ಊರಿಗೆ ಹೋದ ಮೇಲೆ ನೋಡೋಣ. ದೇವರ ಕೆಲಸವೂ ಊರಿಗೆ ಹೋದ ಮೇಲೆ, ನೆರೆಯವರ ಕಷ್ಟಸುಖ ವಿಚಾರಿಸುವುದೂ ಊರಿಗೆ ಹೋದ ಮೇಲೆ. ಹೀಗೆ ಇಲ್ಲಿಯ 20, 30 ವರ್ಷಗಳು ರೈಲು ನಿಲ್ದಾಣದಲ್ಲಿ ಕುಳಿತಂತೆ ಕಳೆದುಹೋಗುತ್ತವೆ. ಮುಲ್ಲರರದೂ ಪರಸ್ಥಳವೇ, ನಮಗೆ ಮರಾಠಿ ಹೇಗೋ ಅವರಿಗೆ ಅಲ್ಲಿಯ ತುಳು, ಕನ್ನಡ, ಕೊಂಕಣಿಗಳು ಅದಕ್ಕಿಂತಲೂ ದೂರದ ಭಾಷೆಗಳು. ಆದರೂ ಕಳುಹಿಸಿದ ಊರನ್ನೇ ಅವರು ಕರ್ಮಭೂಮಿಯೆಂದು ಬಗೆದರು. ಶರಣರು ಕಾಯಕವೆಂದದ್ದೂ ಇಂಥದ್ದನ್ನೇ ಅಲ್ಲವೆ?

ಸಂಭಾಜಿನಗರದಲ್ಲಿದ್ದಾಗ ಬಂದ ನೆಂಟರನ್ನು ನಾವು ತಪ್ಪದೆ ಎಲ್ಲೋರಕ್ಕೆ ಕರೆದೊಯ್ಯುತ್ತಿದ್ದೆವು. ಅಲ್ಲಿಯ ಕೈಲಾಸ ದೇಗುಲವು ನಮ್ಮ ರಾಷ್ಟ್ರಕೂಟ ಅರಸ ಒಂದನೆಯ ಕೃಷ್ಣನ ಕಾಲದ್ದು. ಹನ್ನೆರಡು ನೂರು ವರ್ಷಗಳು ಕಳೆದರೂ ನಿಂತಿದೆ. ಆದರೆ ನಮಗೆಲ್ಲರಿಗೂ ಬೆಟ್ಟ ಕಡೆಯುವ ಭಾಗ್ಯವಿಲ್ಲ. ನಮ್ಮ ಪಾಲಿಗೆ ಬರುವುದು ಔಷಧದ ಪೊಟ್ಟಣದಂಥ ಸಣ್ಣ ಕೆಲಸಗಳು. ಇಲ್ಲಿ ನಾಸಿಕ ರೋಡಿನ ಮುದ್ರಣಾಲಯದಲ್ಲಿ ನೋಟುಗಳು ಅಚ್ಚಾಗುತ್ತವೆ. ಅದೇ ಊರಿನ ರಾಮಕುಂಡಕ್ಕೆ ಜನರು ದೂರದೂರದಿಂದ ತಮ್ಮವರ ಅಸ್ಥಿಯನ್ನು ತಂದು ಗೋದಾವರಿಗೆ ಬಿಡುತ್ತಾರೆ. ಇವೆರಡನ್ನೂ ಕಾಣುತ್ತಿರುವ ನಾವು ಕಾಲದ ಬೆಲೆಯನ್ನು ಅರಿಯದೆ ಇರಬಾರದು.

ಈ ರಾಜ್ಯೋತ್ಸವದಂದು ಬಾವುಟ ಏರಿಸಿ, ಸಿಹಿ ಹಂಚಿ ಮನೆಗೆ ಮರಳುವ ಮುನ್ನ, ಬೀದಿಯಲ್ಲಿ ಕಾಯಿಲೆ ಬಿದ್ದ ಒಬ್ಬರನ್ನಾದರೂ ಕಂಡು ಮಾತನಾಡಿಸಿ ಬರೋಣ. ಅವರು ಕನ್ನಡಿಗರೇ ಆಗಿರಬೇಕಿಲ್ಲ. ಕಂಕನಾಡಿಯ ಆ ಪುಣ್ಯಜೀವಿಗೆ ನಾವು ಸಲ್ಲಿಸಬಹುದಾದ ತಕ್ಕ ಸ್ಮರಣೆ ಅದೇ ಎಂದು ನಮ್ಮ ನಂಬಿಕೆ.