ಮಾತೃಶ್ರೀ ನಾಗಲಾದೇವಿ

ವಿಜಯನಗರದ ಅರಸರ ಕೀರ್ತಿಯನ್ನು ಕೇಳದ ಕನ್ನಡಿಗನಿಲ್ಲ. ಅವರು ಗೆದ್ದ ಕೋಟೆಗಳು, ಕಟ್ಟಿಸಿದ ದೇವಾಲಯಗಳು, ತೋಡಿಸಿದ ಕಾಲುವೆಗಳು ಪಾಠಪುಸ್ತಕಗಳಲ್ಲಿ ಎಡೆ ಪಡೆದಿವೆ. ಆದರೆ ಅವರನ್ನು ಹೆತ್ತ ತಾಯಂದಿರನ್ನು ನೆನೆಯುವವರು ವಿರಳ. ಶ್ರೀಕೃಷ್ಣದೇವರಾಯನ ಜನನಿ ನಾಗಲಾದೇವಿ ಅಂತಹ ಪ್ರಾತಃಸ್ಮರಣೀಯ ತಾಯಂದಿರಲ್ಲೊಬ್ಬಳು. ನಾಗಲಾಂಬಿಕೆ, ನಾಗಮಾಂಬೆ ಎಂದೂ ಆಕೆಯನ್ನು ಕರೆದಿದ್ದಾರೆ. ಹೊಸಪೇಟೆಯ ಬೀದಿಗಳಲ್ಲಿ ದಿನನಿತ್ಯ ನಡೆದಾಡುವ ಸಹಸ್ರಾರು ಜನರು ತಾವು ಆಕೆಯ ಹೆಸರಿನ ಊರಿನಲ್ಲಿ ಬಾಳುತ್ತಿದ್ದೇವೆಂಬುದನ್ನು ಮರೆತಿರಬಹುದು; ಊರು ಮಾತ್ರ ಆಕೆಯದೇ.

ನಾಗಲಾದೇವಿ ಕಾಲಿಟ್ಟ ಮನೆತನ ಹುಟ್ಟಿನಿಂದ ರಾಜಮನೆತನವಾಗಿರಲಿಲ್ಲ. ದುಡಿಮೆಯಿಂದ ಆ ಪದವಿಗೇರಿದ ಮನೆತನವದು. ತುಳುವ ವಂಶದ ತಿಮ್ಮ ಮತ್ತು ದೇವಕಿಯರ ಮಗ ಈಶ್ವರ. ಈಶ್ವರ ಮತ್ತು ಬುಕ್ಕಮ್ಮನವರ ಮಗ ನರಸನಾಯಕ. ಈ ನರಸನಾಯಕನೇ ನಾಗಲಾದೇವಿಯ ಪತಿ. ಸಾಳುವ ನರಸಿಂಹನ ದಂಡನಾಯಕನಾಗಿದ್ದ ಆತ, 1491ರಲ್ಲಿ ಒಡೆಯನು ಕಾಲವಾದ ಮೇಲೆ ರಾಜ್ಯದ ಹೊಣೆಯನ್ನು ಹೊತ್ತು, 1503ರಲ್ಲಿ ತಾನು ಮಡಿಯುವವರೆಗೂ ಅದನ್ನು ಕಾಪಾಡಿದನು. ತುಂಬಿ ಹರಿಯುತ್ತಿದ್ದ ಕಾವೇರಿಗೆ ಸೇತುವೆ ಕಟ್ಟಿ ಶ್ರೀರಂಗಪಟ್ಟಣವನ್ನು ಗೆದ್ದನೆಂದೂ, ರಾಮೇಶ್ವರವೇ ಮೊದಲಾದ ಪುಣ್ಯಕ್ಷೇತ್ರಗಳಲ್ಲಿ ಮಹಾದಾನಗಳನ್ನು ಮಾಡಿದನೆಂದೂ ಶಾಸನಗಳು ಆತನನ್ನು ಹೊಗಳಿವೆ. ಬಾಳಿನ ಬಹುಭಾಗವನ್ನು ದಂಡಯಾತ್ರೆಯಲ್ಲೇ ಕಳೆದ ಪತಿ. ದಾನಧರ್ಮವನ್ನೇ ಹಿರಿಮೆಯೆಂದು ಬಗೆದ ಮನೆ. ಅಂತಹ ಸಂಸಾರದ ಗೃಹಿಣಿ ನಾಗಲಾದೇವಿ.

ಆ ಮನೆಯಲ್ಲಿ ಮೂವರು ತಾಯಂದಿರು. ತಿಪ್ಪಾಜಿದೇವಿಯ ಮಗ ವೀರನರಸಿಂಹ. ನಾಗಲಾದೇವಿಯ ಮಗ ಕೃಷ್ಣದೇವ. ಓಬಾಂಬಿಕೆಯ ಮಕ್ಕಳು ರಂಗ ಮತ್ತು ಅಚ್ಯುತ. ರಾಜ್ಯವೊಂದು, ಹಕ್ಕುದಾರರು ಹಲವರು. ಇಂತಹ ಮನೆಗಳಲ್ಲಿ ಒಡಹುಟ್ಟಿದವರ ರಕ್ತ ಹರಿದ ದೃಷ್ಟಾಂತಗಳು ಚರಿತ್ರೆಯಲ್ಲಿ ಹೇರಳವಾಗಿವೆ. ವೀರನರಸಿಂಹನು 1505ರಲ್ಲಿ ಪಟ್ಟವೇರಿ 1509ರಲ್ಲಿ ಮರಣಶಯ್ಯೆಯಲ್ಲಿದ್ದಾಗ, ತನ್ನ ಎಳೆಯ ಮಗನಿಗೆ ಸಿಂಹಾಸನ ಉಳಿಯಲೆಂದು ತಮ್ಮ ಕೃಷ್ಣದೇವನ ಕಣ್ಣು ಕೀಳಿಸಲು ಆಜ್ಞಾಪಿಸಿದನೆಂದೂ, ಮಂತ್ರಿ ತಿಮ್ಮರಸನು ಮೇಕೆಯ ಕಣ್ಣುಗಳನ್ನು ತಂದು ತೋರಿಸಿ ಕೃಷ್ಣದೇವನನ್ನು ಉಳಿಸಿದನೆಂದೂ ಪೋರ್ಚುಗೀಸ್ ವರ್ತಕ ನೂನಿಜ್ ಕೆಲವು ವರ್ಷಗಳ ಬಳಿಕ ಕೇಳಿ ಬರೆದಿಟ್ಟಿದ್ದಾನೆ. ವಿದ್ವಾಂಸರು ಈ ಕಥೆಯನ್ನು ಪೂರ್ಣವಾಗಿ ನಂಬುವುದಿಲ್ಲ. ಆದರೂ ಇಂತಹ ಮಾತು ಜನರ ಬಾಯಲ್ಲಿ ಹರಿದಾಡಿತೆಂಬುದೇ ಆ ಮನೆಯ ಮೇಲೆ ಕವಿದಿದ್ದ ಆತಂಕಕ್ಕೆ ಸಾಕ್ಷಿ.

ನಾಗಲಾದೇವಿಯ ಮಗನ ಹಿರಿತನ ಕಾಣುವುದು ಇಲ್ಲಿಯೇ. ಪಟ್ಟಾಭಿಷೇಕದ ಸಂದರ್ಭದಲ್ಲಿ ಕೃಷ್ಣದೇವರಾಯನು ಹಂಪೆಯ ವಿರೂಪಾಕ್ಷನ ಸನ್ನಿಧಿಯಲ್ಲಿ ರಂಗಮಂಟಪವನ್ನು ಕಟ್ಟಿಸಿ, ಗೋಪುರವನ್ನು ಜೀರ್ಣೋದ್ಧಾರ ಮಾಡಿಸಿ, ಸ್ವಾಮಿಯ ನೈವೇದ್ಯಕ್ಕಾಗಿ ಗ್ರಾಮವನ್ನೂ, ನವರತ್ನ ಖಚಿತವಾದ ಚಿನ್ನದ ತಾವರೆಯನ್ನೂ, ಬೆಳ್ಳಿಯ ದೀಪಗಳನ್ನೂ ಅರ್ಪಿಸಿದನು. 1509-10ರ ಆ ಶಿಲಾಶಾಸನ ಇಂದಿಗೂ ದೇವಾಲಯದಲ್ಲಿದೆ. ಅದರಲ್ಲಿ ತನ್ನ ವಂಶವನ್ನು ಹೇಳಿಸುವಾಗ ಆತನು ತಂದೆ ನರಸನನ್ನು ದಶರಥನಿಗೂ, ತಿಪ್ಪಾಜಿ ಮತ್ತು ನಾಗಲಾದೇವಿಯರನ್ನು ಕೌಸಲ್ಯೆ ಮತ್ತು ಸುಮಿತ್ರೆಯರಿಗೂ, ಅಣ್ಣನನ್ನೂ ತನ್ನನ್ನೂ ರಾಮಲಕ್ಷ್ಮಣರಿಗೂ ಹೋಲಿಸಿದ್ದಾನೆ. ಅಧಿಕಾರ ಕೈಗೆ ಬಂದ ಗಳಿಗೆಯಲ್ಲಿ ಮಲತಾಯಿಯ ಹೆಸರನ್ನು ಮೊದಲಿಟ್ಟು, ಹೆತ್ತ ತಾಯಿಗೆ ಸುಮಿತ್ರೆಯ ಸ್ಥಾನವನ್ನು ಕೊಟ್ಟು, ತಾನು ತಮ್ಮನ ಸ್ಥಾನದಲ್ಲೇ ನಿಂತನು. ಸುಮಿತ್ರೆಯೆಂದರೆ ರಾಮಾಯಣದಲ್ಲಿ ತನಗಾಗಿ ಏನನ್ನೂ ಬೇಡದೆ ಮಗನನ್ನು ಅಣ್ಣನ ಸೇವೆಗೆ ಒಪ್ಪಿಸಿದ ತಾಯಿ. ಸ್ತ್ರೀರತ್ನವೊಂದಕ್ಕೆ ಸಲ್ಲಬಹುದಾದ ಗೌರವಗಳಲ್ಲಿ ಇದಕ್ಕಿಂತ ಮಿಗಿಲಾದುದು ಯಾವುದು? ರಾಯನು ತೆಲುಗಿನಲ್ಲಿ ರಚಿಸಿದ ಆಮುಕ್ತಮಾಲ್ಯದದ ವಂಶವರ್ಣನೆಯಲ್ಲಿಯೂ ಈ ತಾಯಿಯ ನಾಮಸ್ಮರಣೆಯಿದೆ.

ಶಿಲೆ, ಕಾವ್ಯಗಳಷ್ಟಕ್ಕೆ ಮಗನ ಮಾತೃಭಕ್ತಿ ತಣಿಯಲಿಲ್ಲ. 1520ರ ಸುಮಾರಿಗೆ ರಾಜಧಾನಿಯ ನೈಋತ್ಯಕ್ಕೆ, ಪಶ್ಚಿಮ ಕರಾವಳಿಯಿಂದ ಬರುವವರು ಮೊದಲು ಕಾಣುವ ಬಯಲಿನಲ್ಲಿ, ರಾಯನು ಹೊಸ ಪಟ್ಟಣವೊಂದನ್ನು ಕಟ್ಟಿಸಿ ನಾಗಲಾಪುರವೆಂದು ಹೆಸರಿಟ್ಟನು. ಅದು ರಾಣಿಯೊಬ್ಬಳ ಮೇಲಿನ ಪ್ರೀತಿಯಿಂದ ಕಟ್ಟಿಸಿದ್ದೆಂದು ಪರದೇಶದವರು ಬರೆದುಕೊಂಡರು. ಈ ಸೀಮೆಯ ಜನರಾದರೋ ಅದನ್ನು ತಾಯಿಯ ಹೆಸರೆಂದೇ ತಲೆತಲಾಂತರದಿಂದ ನಂಬಿ ಬಂದಿದ್ದಾರೆ. ದೂರದ ತಿರುಪತಿ ಸೀಮೆಯಲ್ಲಿ ವೇದನಾರಾಯಣಸ್ವಾಮಿಯ ಸನ್ನಿಧಿಯುಳ್ಳ ನಾಗಲಾಪುರವೆಂಬ ಇನ್ನೊಂದು ಊರಿದ್ದು, ಅದೂ ರಾಯನು ಮಾತೆಯ ಸ್ಮರಣೆಗಾಗಿ ನಿಲ್ಲಿಸಿದ್ದೆಂದು ಅಲ್ಲಿಯ ಜನರೂ ಹೇಳುತ್ತಾರೆ. ಇದರಿಂದ ನಮ್ಮ ಜನರ ನಂಬಿಕೆಗೆ ಬಲ ಬರುತ್ತದೆ.

ಹೆಸರಿಟ್ಟ ಮಾತ್ರಕ್ಕೆ ಊರಾಗುವುದಿಲ್ಲ. ಊರಿಗೆ ನೀರು ಬೇಕು, ನೀರಿಗೆ ಒಕ್ಕಲು ಬೇಕು. ಸಂಡೂರಿನ ಬೆಟ್ಟಸಾಲಿನ ಅಂಚಿನಲ್ಲಿ, ಎರಡು ಗುಡ್ಡಗಳ ನಡುವೆ ಭಾರಿ ಏರಿ ಕಟ್ಟಿಸಿ ರಾಯನು ಕೆರೆಯನ್ನು ನಿರ್ಮಿಸಿದನು. ಹದಿನೈದು ಇಪ್ಪತ್ತು ಸಾವಿರ ಜನರು ಅಲ್ಲಿ ದುಡಿಯುತ್ತಿದ್ದುದನ್ನು ಪಾಯೆಸ್ ಎಂಬ ಪ್ರವಾಸಿ ಕಣ್ಣಾರೆ ಕಂಡಿದ್ದನು. ಗೋವೆಯಿಂದ ಬಂದ ಪೋರ್ಚುಗೀಸ್ ಶಿಲ್ಪಿಯೊಬ್ಬನ ನೆರವನ್ನೂ ಪಡೆಯಲಾಗಿತ್ತು. ಕೆರೆಯ ಕೆಳಗಿನ ಭೂಮಿಯನ್ನು ಒಂಬತ್ತು ವರ್ಷಗಳವರೆಗೆ ಕಂದಾಯವಿಲ್ಲದೆ ಒಕ್ಕಲಿಗರಿಗೆ ಬಿಟ್ಟುಕೊಟ್ಟನೆಂದು ನೂನಿಜ್ ತಿಳಿಸುತ್ತಾನೆ. 1521ರ ಸುಮಾರಿಗೆ ಬಸವಣ್ಣ ಕಾಲುವೆಯೂ ಸಿದ್ಧವಾಯಿತು. ತಾಯಿಯ ಹೆಸರಿನ ಊರು ಹಸಿದಿರಬಾರದೆಂಬ ಕಾಳಜಿ ಈ ಏರ್ಪಾಡುಗಳಲ್ಲೆಲ್ಲ ಎದ್ದು ಕಾಣುತ್ತದೆ.

ಹೊಸಪೇಟೆಯಿಂದ ಹಂಪೆಗೆ ಹೋಗುವ ದಾರಿಯಲ್ಲಿ ಅನಂತಶಯನಗುಡಿಯಿದೆ. 1524ರಲ್ಲಿ ರಾಯನು ಆ ದೇವಾಲಯವನ್ನು ಕಟ್ಟಿಸಿ, ಅಲ್ಲಿಯ ಪುರಕ್ಕೆ ತನ್ನ ಎಳೆಯ ಮಗ ತಿರುಮಲರಾಯನ ಹೆಸರನ್ನಿಟ್ಟನು. ಆ ಬಾಲಕ ಹೆಚ್ಚು ಕಾಲ ಉಳಿಯಲಿಲ್ಲ. ಒಂದೇ ಹಾದಿಯಲ್ಲಿ ಅಜ್ಜಿಯ ಹೆಸರಿನದೊಂದು ಊರು, ಮೊಮ್ಮಗನ ಹೆಸರಿನದೊಂದು ಊರು. 1529ರಲ್ಲಿ ರಾಯನು ಕಾಲವಾದಾಗ ಸಿಂಹಾಸನವು ಓಬಾಂಬಿಕೆಯ ಮಗ ಅಚ್ಯುತನಿಗೆ ಸಂದಿತು. ಹೀಗೆ ಒಂದೇ ಮನೆಯ ಮೂವರು ತಾಯಂದಿರ ಮಕ್ಕಳೂ ಒಬ್ಬರಾದ ಮೇಲೊಬ್ಬರು ನಾಡನ್ನು ಆಳಿದರು.

1565ರ ಯುದ್ಧದ ತರುವಾಯ ಮಹಾರಾಜಧಾನಿ ಹಾಳಾಯಿತು. ಅರಮನೆಗಳ ಅಡಿಗಟ್ಟು ಮಾತ್ರ ಉಳಿಯಿತು. ರತ್ನಗಳನ್ನು ಮಾರುತ್ತಿದ್ದ ಬೀದಿಗಳಲ್ಲಿ ಮುಳ್ಳುಕಂಟಿ ಬೆಳೆಯಿತು. ಆದರೆ ತಾಯಿಯ ಊರು ಅಳಿಯಲಿಲ್ಲ. ಜನರು ಅದನ್ನು ಹೊಸ ಪೇಟೆಯೆಂದು ಕರೆದರು. ಕರೆಯುತ್ತ ಕರೆಯುತ್ತ ನಾಗಲಾಪುರವೆಂಬ ಹೆಸರು ಹಿಂದೆ ಸರಿಯಿತು. ಹೆಸರು ಸರಿದರೂ ಒಲೆಗಳು ಆರಲಿಲ್ಲ, ಸಂತೆ ನಿಲ್ಲಲಿಲ್ಲ. ಕಬ್ಬು, ಬಾಳೆ, ಭತ್ತ ಬೆಳೆಯುವ ಬಯಲು ಕಂಪ್ಲಿಯವರೆಗೂ ಹಬ್ಬಿ ಇಂದಿಗೂ ನಾಡಿಗೆ ಅನ್ನ ನೀಡುತ್ತಿದೆ. 2021ರಲ್ಲಿ ವಿಜಯನಗರ ಜಿಲ್ಲೆ ರೂಪುಗೊಂಡಾಗ ಅದರ ಕೇಂದ್ರವಾದುದು ಇದೇ ಊರು. ಮಗನ ರಾಜಧಾನಿ ನೋಡುವವರ ಪಾಲಾಯಿತು. ತಾಯಿಯ ಊರು ಬಾಳುವವರ ಪಾಲಾಯಿತು.

ತಾಯ್ತನದ ಸ್ವಭಾವವೇ ಇದಲ್ಲವೆ? ಮನೆಯನ್ನು ಸಲಹುವ ತಾಯಿ ತನ್ನ ಹೆಸರು ಉಳಿಯಬೇಕೆಂದು ಹಂಬಲಿಸುವುದಿಲ್ಲ. ಮಕ್ಕಳು ಮರಿಗಳು ಉಂಡುಟ್ಟು ಸುಖವಾಗಿದ್ದರೆ ಅದೇ ಆಕೆಯ ಕೀರ್ತಿ. ಅನ್ನವಿತ್ತು, ಅಕ್ಷರ ಕಲಿಸಿ ಮಕ್ಕಳನ್ನು ಬೆಳೆಸುವ ವಿದ್ಯಾಸಂಸ್ಥೆಗಳಿಗೂ, ಅವುಗಳಿಗೆ ಬೆನ್ನೆಲುಬಾಗಿ ನಿಂತ ದಾನಿಗಳಿಗೂ ನಾಗಲಾದೇವಿಯ ನೆನಪು ಕಲಿಸುವ ಪಾಠವಿದು. ವಿರೂಪಾಕ್ಷನ ಸನ್ನಿಧಿಯ ಶಿಲೆಯಲ್ಲಿ ಆ ಮಹಾಮಾತೆಯ ನಾಮಧೇಯ ಐದು ನೂರು ವರ್ಷಗಳಿಂದ ನಿಂತಿದೆ. ಹೊಸಪೇಟೆಯ ಮನೆಮನೆಯ ದೀಪದಲ್ಲಿ ಆಕೆಯ ಬಾಳು ಬೆಳಗುತ್ತಿದೆ.