ಜಾನ್ ಶಾ ಬಿಲಿಂಗ್ಸ್ ಮತ್ತು ವೈದ್ಯಕೀಯ ಬರವಣಿಗೆಯ ಆಕರಸೂಚಿ

ಮಹಾಪ್ರಬಂಧದ ಕೊನೆಯಲ್ಲಿ ಬರುವ ಆಕರಸೂಚಿಯನ್ನು ನಾವು ಬಹುಮಟ್ಟಿಗೆ ಪಾಲಿಸಬೇಕಾದ ಒಂದು ವಿಧಿಯೆಂದೇ ತಿಳಿದಿದ್ದೇವೆ. ಅದು ಓದುಗನನ್ನು ಮೂಲದ ಪುಟಕ್ಕೆ ಮುಟ್ಟಿಸಬೇಕಾದ ವಿಳಾಸ ಎಂಬುದನ್ನು ವಿದ್ಯಾರ್ಥಿದೆಸೆಯ ಬವಣೆಯಿಂದಲೇ ಅರಿತು, ಆಯುಷ್ಯದ ಮೂರು ದಶಕಗಳನ್ನು ಆ ಕೆಲಸಕ್ಕೆ ಸವೆಸಿದವರು ಅಮೆರಿಕದ ಸೇನಾವೈದ್ಯ ಜಾನ್ ಶಾ ಬಿಲಿಂಗ್ಸ್.

ಬಿಲಿಂಗ್ಸ್ 1838ರ ಏಪ್ರಿಲ್ 12ರಂದು ಇಂಡಿಯಾನಾ ರಾಜ್ಯದಲ್ಲಿ ಜನಿಸಿದರು. 1860ರಲ್ಲಿ ಸಿನ್ಸಿನಾಟಿಯ ಓಹಿಯೋ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದರು. ಪದವಿಗಾಗಿ ಅವರು ಆರಿಸಿಕೊಂಡ ವಿಷಯ ಅಪಸ್ಮಾರದ ಶಸ್ತ್ರಚಿಕಿತ್ಸೆ. ಆವರೆಗೆ ಎಷ್ಟು ರೋಗಿಗಳಿಗೆ ಈ ಚಿಕಿತ್ಸೆಯಾಗಿದೆ, ಎಷ್ಟು ಮಂದಿ ಬದುಕಿದ್ದಾರೆ, ಎಷ್ಟು ಮಂದಿಗೆ ಗುಣವಾಗಿದೆ ಎಂಬ ಲೆಕ್ಕ ಅವರಿಗೆ ಬೇಕಾಗಿತ್ತು. ಲೆಕ್ಕವೇನೋ ಅಚ್ಚಾಗಿತ್ತು, ಆದರೆ ಎಲ್ಲಿ ಎಂದು ಹೇಳುವವರಿರಲಿಲ್ಲ. ಒಂದೊಂದು ಪತ್ರಿಕೆಯ ಒಂದೊಂದು ಸಂಪುಟವನ್ನೂ ತೆರೆದು ನೋಡಬೇಕು. ಬೇಕಾದ ಪುಸ್ತಕಗಳೆಲ್ಲ ಒಂದೆಡೆ ದೊರೆಯುವ ವೈದ್ಯಕೀಯ ಗ್ರಂಥಾಲಯ ಇಡೀ ಅಮೆರಿಕದಲ್ಲಿ ಇರಲಿಲ್ಲ. ತಮ್ಮ ಮುಂದಿನ ಕಾರ್ಯಕ್ಕೆಲ್ಲ ಈ ಅನುಭವವೇ ಪ್ರೇರಣೆಯೆಂದು ಅವರು ಬಹುಕಾಲದ ನಂತರ ನೆನೆದುಕೊಂಡಿದ್ದಾರೆ.

ಅಂತರ್ಯುದ್ಧದಲ್ಲಿ ಶಸ್ತ್ರವೈದ್ಯರಾಗಿ ದುಡಿದು, ಚಾನ್ಸಲರ್ಸ್‌ವಿಲ್ ಮತ್ತು ಗೆಟಿಸ್‌ಬರ್ಗ್ ಕದನಗಳನ್ನು ಕಂಡ ಬಿಲಿಂಗ್ಸ್ 1864ರ ಕೊನೆಗೆ ವಾಷಿಂಗ್ಟನ್ನಿನ ಸೇನಾ ವೈದ್ಯಾಧಿಕಾರಿಗಳ ಕಚೇರಿಗೆ ಬಂದರು. ಅಲ್ಲಿ ಸುಮಾರು ಎರಡು ಸಾವಿರ ಸಂಪುಟಗಳ ಸಣ್ಣ ಸಂಗ್ರಹವೊಂದಿತ್ತು. ಯುದ್ಧಕಾಲದ ಆಸ್ಪತ್ರೆಗಳಲ್ಲಿ ಉಳಿದ ಹಣ ಅದರ ಬೆಳವಣಿಗೆಗೆ ಒದಗಿತು. 1895ರಲ್ಲಿ ಅವರು ನಿವೃತ್ತರಾಗುವ ಹೊತ್ತಿಗೆ ಸಂಪುಟಗಳ ಸಂಖ್ಯೆ ಒಂದು ಲಕ್ಷವನ್ನು ಮೀರಿತ್ತು.

ಆದರೆ ಪುಸ್ತಕ ಕೂಡಿಡುವುದಕ್ಕಿಂತ ಹಿರಿದಾದುದು ಸೂಚಿಯ ರಚನೆ. 1876ರಲ್ಲಿ ಮಾದರಿಯ ಸಂಚಿಕೆಯೊಂದು ಹೊರಬಂದಿತು. 1880ರಿಂದ 1895ರವರೆಗೆ 'ಇಂಡೆಕ್ಸ್ ಕ್ಯಾಟಲಾಗ್'ನ ಮೊದಲ ಶ್ರೇಣಿ 16 ಸಂಪುಟಗಳಲ್ಲಿ ಪ್ರಕಟವಾಯಿತು. ಬಂದ ಪತ್ರಿಕೆಗಳಲ್ಲಿ ಸೂಚಿಗೆ ಸೇರಬೇಕಾದ ಲೇಖನಗಳನ್ನು ಬಿಲಿಂಗ್ಸ್ ತಾವೇ ಗುರುತು ಹಾಕುತ್ತಿದ್ದರು. ಗುಮಾಸ್ತರು ಅವನ್ನು ಚೀಟಿಗಳಿಗೆ ಇಳಿಸುತ್ತಿದ್ದರು. ಕರ್ತೃ, ಶೀರ್ಷಿಕೆ, ಪತ್ರಿಕೆಯ ಸಂಕ್ಷಿಪ್ತ ನಾಮ, ಊರು, ವರ್ಷ, ಸಂಪುಟ, ಪುಟ - ಇಷ್ಟೂ ಒಂದು ನಮೂದಿನಲ್ಲಿ ಅಡಕ. ಲೇಖಕರ ಹೆಸರುಗಳೂ ವಿಷಯಗಳೂ ಒಂದೇ ಅಕಾರಾದಿಯಲ್ಲಿ ಬರುತ್ತವೆ. ಇದು ಆ ಗ್ರಂಥಾಲಯದ್ದೇ ಸೂಚಿಯಾದುದರಿಂದ ನಮೂದು ಹುಟ್ಟುತ್ತಿದ್ದುದು ಕೈಯಲ್ಲಿರುವ ಸಂಪುಟದಿಂದಲೇ ಹೊರತು ಬೇರೊಬ್ಬರ ಅಡಿಟಿಪ್ಪಣಿಯಿಂದಲ್ಲ. ಒಂದು ಪ್ರಬಂಧದಿಂದ ಮತ್ತೊಂದಕ್ಕೆ ತಪ್ಪು ಪುಟಸಂಖ್ಯೆಯ ಸಮೇತ ದಾಟುವ ಅಡಿಟಿಪ್ಪಣಿಗಳನ್ನು ಕಂಡಿರುವ ಕನ್ನಡ ಸಂಶೋಧಕರಿಗೆ ಈ ವ್ಯತ್ಯಾಸದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದೇ ಅವಧಿಯಲ್ಲಿ, 1894ರಲ್ಲಿ, ಮಂಗಳೂರಿನಲ್ಲಿ ಪ್ರಕಟವಾದ ಕಿಟೆಲ್ ಅವರ ನಿಘಂಟು ಕೂಡ ಆಕರಕೃತಿಗಳನ್ನು ಸಂಕೇತಾಕ್ಷರಗಳಿಂದ ಸೂಚಿಸುತ್ತದೆ. ಎರಡಕ್ಕೂ ನೇರ ಸಂಬಂಧವಿಲ್ಲ. ಶಿಸ್ತು ಮಾತ್ರ ಒಂದೇ.

ದೊಡ್ಡ ಸೂಚಿಯ ಸಂಪುಟಗಳು ಅಕಾರಾದಿಯಾಗಿ ವರ್ಷಕ್ಕೊಂದರಂತೆ ಬರುತ್ತಿದ್ದುದರಿಂದ ಹೊಸ ಲೇಖನಗಳ ಸುದ್ದಿ ತಡವಾಗುತ್ತಿತ್ತು. ಈ ಕೊರತೆಗಾಗಿ ಸಹೋದ್ಯೋಗಿ ರಾಬರ್ಟ್ ಫ್ಲೆಚರ್ ಅವರೊಡನೆ 1879ರ ಜನವರಿಯಲ್ಲಿ 'ಇಂಡೆಕ್ಸ್ ಮೆಡಿಕಸ್' ಎಂಬ ಮಾಸಿಕವನ್ನು ಆರಂಭಿಸಿದರು. ವೈದ್ಯಲೋಕಕ್ಕೆ ಇಷ್ಟು ಉಪಯುಕ್ತವಾದ ಪತ್ರಿಕೆಗೆ ಸಾಕಷ್ಟು ಚಂದಾದಾರರು ಮಾತ್ರ ದೊರೆಯಲಿಲ್ಲ. 1899ರಲ್ಲಿ ನಿಂತುಹೋದ ಅದು 1903ರಲ್ಲಿ ಕಾರ್ನೆಗಿ ಸಂಸ್ಥೆಯ ನೆರವಿನಿಂದ ಪುನಃ ಹೊರಟಿತು.

ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವಿನ್ಯಾಸದಲ್ಲೂ ಜನಗಣತಿಯ ಅಂಕಿಅಂಶಗಳ ಕೆಲಸದಲ್ಲೂ ಬಿಲಿಂಗ್ಸ್ ಅವರ ಪಾತ್ರ ದೊಡ್ಡದು. 1896ರಿಂದ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಮೊದಲ ನಿರ್ದೇಶಕರಾಗಿದ್ದು, 1913ರ ಮಾರ್ಚ್ 11ರಂದು ನಿಧನರಾದರು.

ಅವರು ಬೆಳೆಸಿದ ಸಂಗ್ರಹ 1956ರಲ್ಲಿ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವಾಯಿತು. 1978ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿದ ವೈದ್ಯಪತ್ರಿಕೆಗಳ ಸಂಪಾದಕರು ಹಸ್ತಪ್ರತಿಗಳಿಗೆ ಸಮಾನ ನಿಯಮಗಳನ್ನು ರೂಪಿಸಿದಾಗ, ಆಕರಗಳನ್ನು ಬರೆಯುವ ಕ್ರಮಕ್ಕೆ ಆಧಾರವಾದುದು ಈ ಗ್ರಂಥಾಲಯದ ಪದ್ಧತಿ. ಪತ್ರಿಕೆಗಳ ಸಂಕ್ಷಿಪ್ತ ನಾಮಗಳಿಗೆ 'ಇಂಡೆಕ್ಸ್ ಮೆಡಿಕಸ್' ಪ್ರಮಾಣವಾಯಿತು. ಅದರ ಮುದ್ರಿತ ರೂಪ 2004ರಲ್ಲಿ ನಿಂತಿತು. ಆದರೂ ವೈದ್ಯವಿದ್ಯಾರ್ಥಿಯೊಬ್ಬ ಪ್ರಬಂಧದ ಕೊನೆಯಲ್ಲಿ ಪತ್ರಿಕೆಯ ಹೆಸರನ್ನು ಮೊಟಕುಗೊಳಿಸಿ, ವರ್ಷ, ಸಂಪುಟ, ಪುಟಗಳನ್ನು ಒಂದರ ಹಿಂದೊಂದು ಬರೆಯುವಾಗ ಅನುಸರಿಸುವುದು ಬಹುಪಾಲು ಆ ಹಳೆಯ ಚೀಟಿಗಳ ಕ್ರಮವನ್ನೇ.