ಬುನ್ಸೆನ್ ಪಂಡಿತನ ಜೀವನ ವೃತ್ತಾಂತ

ನಮ್ಮ ಶಾಲೆಯಲ್ಲಿ ಓದಿ, ಕಾಲೇಜನ್ನು ಸೇರಿ, ವಿಜ್ಞಾನವನ್ನು ಆರಿಸಿಕೊಂಡ ಹೆಣ್ಣುಮಕ್ಕಳೆಲ್ಲರಿಗೂ ಬುನ್ಸೆನ್ನನ ಹೆಸರು ಪರಿಚಿತವಾದುದೇ. ರಸಾಯನ ಪ್ರಯೋಗಶಾಲೆಯ ಮೇಜಿನ ಮೇಲೆ ಮೊದಲನೆಯ ದಿನವೇ ಅವರ ಕಣ್ಣಿಗೆ ಬೀಳುವ ಗ್ಯಾಸಿನ ದೀಪಕ್ಕೆ ಆ ಹೆಸರುಂಟು. ಆದರೆ ಆ ದೀಪದ ಹಿಂದೆ ಇದ್ದ ಮನುಷ್ಯನು ಎಂಥವನು, ಆತನು ಏನನ್ನು ಕಳೆದುಕೊಂಡನು, ಹೊಸದಾಗಿ ಬಂದ ಶಿಷ್ಯರಿಂದ ಏನನ್ನು ಅಪೇಕ್ಷಿಸುತ್ತಿದ್ದನು ಎಂಬುದನ್ನು ಬಲ್ಲವರು ವಿರಳ. ಮಗಳನ್ನು ವಿಜ್ಞಾನದ ತರಗತಿಗೆ ಕಳುಹಿಸಬೇಕೆಂಬ ಮನಸ್ಸಿದ್ದರೂ, ಆಮ್ಲ, ಬೆಂಕಿ, ವಿಷದ ಗಾಳಿ ಎಂಬ ಮಾತುಗಳನ್ನು ಕೇಳಿ ಹಿಂದೆಗೆಯುವ ತಾಯಿತಂದೆಗಳು ಅನೇಕರು. ಅವರ ಭಯವು ನಿರಾಧಾರವೆಂದು ನಾನು ಹೇಳಲಾರೆನು. ಅಂಥವರನ್ನೇ ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ಈ ವೃತ್ತಾಂತವನ್ನು ಬರೆದಿದ್ದೇನೆ.

ರಾಬರ್ಟ್ ವಿಲ್ಹೆಲ್ಮ್ ಬುನ್ಸೆನ್ನನು ೧೮೧೧ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಜರ್ಮನಿ ದೇಶದ ಗ್ಯೋಟಿಂಗೆನ್ ಪಟ್ಟಣದಲ್ಲಿ ಹುಟ್ಟಿದನು. ನಾಲ್ವರು ಗಂಡುಮಕ್ಕಳಲ್ಲಿ ಆತನೇ ಕಿರಿಯವನು. ತಂದೆಯು ಆ ಊರಿನ ವಿಶ್ವವಿದ್ಯಾನಿಲಯದಲ್ಲಿ ಭಾಷಾಶಾಸ್ತ್ರದ ಪಂಡಿತನಾಗಿದ್ದನು. ಹುಡುಗನು ಅಲ್ಲಿಯೇ ರಸಾಯನ ಶಾಸ್ತ್ರವನ್ನು ಓದಿ, ೧೮೩೧ರಲ್ಲಿ, ಇನ್ನೂ ಇಪ್ಪತ್ತು ವರ್ಷದವನಾಗಿರುವಾಗಲೇ, ಡಾಕ್ಟರ್ ಪದವಿಯನ್ನು ಪಡೆದನು. ಆ ಮೇಲೆ ಜರ್ಮನಿ, ಫ್ರಾನ್ಸ್, ಆಸ್ಟ್ರಿಯಾ ದೇಶಗಳನ್ನು ಸುತ್ತಿ, ಕಾರ್ಖಾನೆಗಳನ್ನೂ ಗಣಿಗಳನ್ನೂ ಹೆಸರುವಾಸಿಯಾದ ಪಂಡಿತರ ಪ್ರಯೋಗಶಾಲೆಗಳನ್ನೂ ನೋಡಿಬಂದನು. ಪುಸ್ತಕದ ವಿದ್ಯೆಗಿಂತ ಕಣ್ಣಾರೆ ಕಂಡ ವಿದ್ಯೆಯಲ್ಲಿ ಆತನಿಗೆ ಹೆಚ್ಚು ನಂಬಿಕೆ. ಈ ಸ್ವಭಾವವು ಕೊನೆಯ ವರೆಗೂ ಬಿಡಲಿಲ್ಲ.

ಆತನ ಮೊದಮೊದಲಿನ ಕೆಲಸಗಳಲ್ಲಿ ಒಂದು ವಿಷಕ್ಕೆ ಮದ್ದನ್ನು ಕಂಡುಹಿಡಿದದ್ದು. ಆ ಕಾಲದಲ್ಲಿ ಪಾಷಾಣವನ್ನು ತಿಂದು ಸತ್ತವರು ಬಹುಮಂದಿ. ೧೮೩೪ರಲ್ಲಿ ಬುನ್ಸೆನ್ನನು ಬರ್ಟೋಲ್ಡ್ ಎಂಬ ವೈದ್ಯನೊಡನೆ ಸೇರಿ, ಕಬ್ಬಿಣದ ತುಕ್ಕಿನ ಜಾತಿಯ ಒಂದು ಪದಾರ್ಥವನ್ನು ಹೊಸದಾಗಿ ತಯಾರಿಸಿ ನೀರಿನಲ್ಲಿ ಕದಡಿ ಕುಡಿಸಿದರೆ, ಅದು ಹೊಟ್ಟೆಯಲ್ಲಿರುವ ಪಾಷಾಣವನ್ನು ಹಿಡಿದು ಕರಗದಂತೆ ಮಾಡುತ್ತದೆಂದು ತೋರಿಸಿದನು. ಹೀಗೆ ಪರರನ್ನು ಪಾಷಾಣದಿಂದ ಬಿಡಿಸಹೊರಟವನೇ ಕೆಲವು ವರ್ಷಗಳೊಳಗೆ ಅದೇ ಪಾಷಾಣದಿಂದ ಸಾವಿನ ಬಾಗಿಲಿಗೆ ಹೋಗಬೇಕಾಯಿತು.

ಅದು ಹೇಗೆಂದರೆ, ಆತನು ಕಾಸೆಲ್ ಪಟ್ಟಣದಲ್ಲಿಯೂ ಅನಂತರ ಮಾರ್ಬುರ್ಗ್ ವಿಶ್ವವಿದ್ಯಾನಿಲಯದಲ್ಲಿಯೂ ಉಪಾಧ್ಯಾಯನಾಗಿದ್ದಾಗ ಕಾಕೊಡಿಲ್ ಎಂಬ ಪದಾರ್ಥಗಳ ಪರಿಶೋಧನೆಗೆ ಕೈಹಾಕಿದನು. ಪಾಷಾಣವನ್ನು ಬೇರೊಂದು ಲವಣದೊಡನೆ ಕೂಡಿಸಿ ಬಟ್ಟಿಯಿಳಿಸಿದರೆ ಬರುವ ದ್ರವದಿಂದ ಇವು ಹುಟ್ಟುತ್ತವೆ. ಇವುಗಳ ದುರ್ನಾತವು ಹೇಳತೀರದು. ಕೆಲವು ಗಾಳಿ ಸೋಕಿದ ಮಾತ್ರಕ್ಕೆ ತಾವಾಗಿಯೇ ಹೊತ್ತಿಕೊಳ್ಳುವಂಥವು. ಎಲ್ಲವೂ ವಿಷವೇ. ಬುನ್ಸೆನ್ನನು ಅಪಾಯವನ್ನು ಅರಿಯದೆ ಹೋದವನಲ್ಲ. ಮುಖಕ್ಕೆ ಮುಖವಾಡವನ್ನು ಹಾಕಿಕೊಂಡು, ಉಸಿರಿಗೆ ಹೊರಗಿನ ಶುದ್ಧವಾದ ಗಾಳಿಯು ಬರುವಂತೆ ಕೊಳವೆಯನ್ನು ಇಟ್ಟುಕೊಂಡು ಕೆಲಸಮಾಡುತ್ತಿದ್ದನು. ಹಾಗಿದ್ದರೂ ಒಂದು ದಿನ ಕಾಕೊಡಿಲ್ ಸಯನೈಡ್ ಎಂಬ ಘೋರವಾದ ಪದಾರ್ಥವಿದ್ದ ಪಾತ್ರೆಯು ಸಿಡಿದು, ಗಾಜಿನ ಚೂರು ತಗಲಿ ಆತನ ಬಲಗಣ್ಣು ಹೋಯಿತು. ವಿಷವು ಮೈಗೇರಿ ಅನೇಕ ದಿನಗಳು ಬದುಕುವುದೇ ಸಂಶಯವೆಂಬಂತೆ ಮಲಗಿದ್ದನು. ಎದ್ದ ಮೇಲೆ ಆ ಪರಿಶೋಧನೆಯನ್ನು ಪೂರ್ತಿಮಾಡಿಯೇ ಬಿಟ್ಟನು. ಆದರೆ ಆ ಜಾತಿಯ ರಸಾಯನಕ್ಕೆ ಪುನಃ ಕೈಹಾಕಲಿಲ್ಲ.

ಇಲ್ಲಿ ತಾಯಿತಂದೆಗಳಿಗೆ ಒಂದು ಮಾತು. ಕಾಲೇಜಿನ ಮೊದಲನೆಯ ವರ್ಷದಲ್ಲಿ ಇಂಥ ಪದಾರ್ಥಗಳನ್ನು ಯಾರೂ ಮಕ್ಕಳ ಕೈಗೆ ಕೊಡುವುದಿಲ್ಲ. ಆದರೆ ಕಣ್ಣಿಗೆ ಅಪಾಯ ತರಲು ಕಾಕೊಡಿಲ್ ಬೇಕಾಗಿಲ್ಲ; ಕಾದ ಪ್ರನಾಳದಿಂದ ಚಿಮ್ಮಿದ ಒಂದು ತೊಟ್ಟು ಕ್ಷಾರವು ಸಾಕು. ಮುಖವಾಡವಿದ್ದರೂ ಬುನ್ಸೆನ್ನನ ಕಣ್ಣು ಉಳಿಯಲಿಲ್ಲ. ಏನೂ ಇಲ್ಲದ ಕಣ್ಣಿನ ಗತಿಯೇನು? ಪುಸ್ತಕಗಳನ್ನೂ ಬಿಳಿಯ ಮೇಲಂಗಿಯನ್ನೂ ಕೊಂಡುಕೊಡುವಾಗ ರಕ್ಷಣೆಯ ಕನ್ನಡಕವನ್ನೂ ಕೊಂಡುಕೊಡಿರಿ. ಕಾಲೇಜಿನವರು ಕೇಳದಿದ್ದರೂ ಕೊಡಿರಿ. ಮುಖಕ್ಕೆ ಚೆನ್ನಾಗಿ ಕಾಣುವುದಿಲ್ಲವೆಂದು ಹುಡುಗಿಯರು ಅದನ್ನು ಚೀಲದಲ್ಲಿಯೇ ಇಟ್ಟುಕೊಂಡು ಬರುವುದುಂಟು. ಚೀಲದಲ್ಲಿರುವ ಕನ್ನಡಕವು ಚೀಲವನ್ನು ಮಾತ್ರ ಕಾಪಾಡೀತು.

ಒಂದೇ ಕಣ್ಣಿನಿಂದ ಬುನ್ಸೆನ್ನನು ಮುಂದೆ ಮಾಡಿದ ಕೆಲಸಗಳನ್ನು ಎಣಿಸಿದರೆ ಆಶ್ಚರ್ಯವಾಗುತ್ತದೆ. ೧೮೪೧ರಲ್ಲಿ ಬೆಲೆಯುಳ್ಳ ಪ್ಲಾಟಿನಮ್ಮಿನ ಬದಲಿಗೆ ಇಂಗಾಲವನ್ನು ಉಪಯೋಗಿಸಿ ಅಗ್ಗವಾದ ವಿದ್ಯುತ್ಕೋಶವನ್ನು ಮಾಡಿದನು. ಕಬ್ಬಿಣ ಕರಗಿಸುವ ಕುಲುಮೆಗಳ ಹೊಗೆಯನ್ನು ಪರೀಕ್ಷಿಸಿ, ಜರ್ಮನಿಯ ಕುಲುಮೆಗಳಲ್ಲಿ ಅರ್ಧದಷ್ಟು, ಇಂಗ್ಲೆಂಡಿನಲ್ಲಿ ಅದಕ್ಕಿಂತಲೂ ಹೆಚ್ಚು ಶಾಖವು ವ್ಯರ್ಥವಾಗುತ್ತದೆಂದು ತೋರಿಸಿದನು. ೧೮೪೬ರಲ್ಲಿ ಐಸ್‌ಲೆಂಡಿಗೆ ಹೋಗಿ, ಕುದಿನೀರು ಚಿಮ್ಮುವ ಬುಗ್ಗೆಯ ಬಾಯೊಳಕ್ಕೇ ಉಷ್ಣಮಾಪಕವನ್ನು ಇಳಿಬಿಟ್ಟು ಅಳೆದನು.

೧೮೫೨ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾನಿಲಯದವರು ಆತನನ್ನು ಕರೆಸಿಕೊಂಡರು. ಅಲ್ಲಿ ಆತನಿಗಾಗಿ ಹೊಸ ಪ್ರಯೋಗಶಾಲೆಯೊಂದನ್ನು ಕಟ್ಟಿದರು. ಅದೇ ಸಮಯಕ್ಕೆ ಊರಿನ ಬೀದಿದೀಪಗಳಿಗೆ ಕಲ್ಲಿದ್ದಲಿನ ಗ್ಯಾಸು ಬಂದಿತ್ತು. ಅದನ್ನು ಪ್ರಯೋಗಶಾಲೆಗೂ ತರಿಸಲು ಬುನ್ಸೆನ್ನನು ಏರ್ಪಾಡುಮಾಡಿದನು. ಆದರೆ ಆಗ ಸಿಕ್ಕುತ್ತಿದ್ದ ಗ್ಯಾಸಿನ ದೀಪಗಳು ಹೊಗೆಯಾಡುತ್ತಿದ್ದುವು, ಪಾತ್ರೆಗಳಿಗೆ ಮಸಿ ಹಿಡಿಯುತ್ತಿತ್ತು, ಶಾಖವೂ ಸಾಲದು. ಗ್ಯಾಸು ಉರಿಯುವ ಮೊದಲೇ ಅದಕ್ಕೆ ಗಾಳಿಯನ್ನು ಬೆರೆಸಿದರೆ ಮಸಿಯಿಲ್ಲದ, ಬಹು ಬಿಸಿಯಾದ ಜ್ವಾಲೆಯು ಬರಬೇಕೆಂದು ಆತನು ಯೋಚಿಸಿದನು. ಡೆಸಾಗ ಎಂಬ ಕುಶಲನಾದ ಯಂತ್ರಕಾರನು ಅದನ್ನು ರೂಪಕ್ಕೆ ತಂದು, ೧೮೫೫ರಲ್ಲಿ ವಿದ್ಯಾರ್ಥಿಗಳಿಗಾಗಿ ೫೦ ದೀಪಗಳನ್ನು ಮಾಡಿಕೊಟ್ಟನು. ಅದರ ಮೇಲೆ ಹಕ್ಕುಸ್ವಾಮ್ಯವನ್ನು ಕೇಳಲು ಬುನ್ಸೆನ್ನನಿಗೆ ಮನಸ್ಸಿರಲಿಲ್ಲ. ಯಾರು ಬೇಕಾದರೂ ಮಾಡಿಕೊಳ್ಳಲೆಂದು ೧೮೫೭ರಲ್ಲಿ ಅದರ ವಿವರವನ್ನು ಅಚ್ಚುಹಾಕಿಸಿದನು.

ಈ ದೀಪದ ಗುಣವನ್ನು ತಿಳಿದವರಿಗೆ ಅಪಾಯವು ಕಡಿಮೆ. ಬುಡದ ರಂಧ್ರವನ್ನು ಮುಚ್ಚಿದರೆ ಜ್ವಾಲೆಯು ಹಳದಿ, ತೆರೆದರೆ ನೀಲಿ. ಬಿಸಿಲಿನ ಬೆಳಕಿನಲ್ಲಿ ನೀಲಿ ಜ್ವಾಲೆಯು ಕಣ್ಣಿಗೆ ಕಾಣಿಸುವುದೇ ಇಲ್ಲವೆನ್ನಬಹುದು. ಅದು ಉರಿಯುತ್ತಿದೆಯೆಂದು ತಿಳಿಯದೆ ಅದರ ಮೇಲೆ ಕೈಚಾಚಿದಾಗಲೇ ಸೆರಗಿಗೂ ತೋಳಿಗೂ ಬೆಂಕಿ ಹತ್ತುವುದು. ಆದುದರಿಂದ ಕೆಲಸವಿಲ್ಲದಾಗ ಹಳದಿಯ ಜ್ವಾಲೆಗೆ ತಿರುಗಿಸಿಡಬೇಕು, ಇಲ್ಲವೆ ಆರಿಸಬೇಕು. ಜಡೆಯನ್ನು ಮೇಲಕ್ಕೆ ಕಟ್ಟಬೇಕು. ಸೆರಗನ್ನೂ ದುಪಟ್ಟವನ್ನೂ ಬಿಗಿದು ಸಿಕ್ಕಿಸಬೇಕು. ನೂಲಿನ ಬಟ್ಟೆಯು ಲೇಸು. ನೈಲಾನಿನಂಥವು ಕರಗಿ ಮೈಗೆ ಅಂಟಿಕೊಳ್ಳುತ್ತವೆ. ಗಾಳಿ ಹೆಚ್ಚಾಗಿ ಗ್ಯಾಸು ಕಡಿಮೆಯಾದರೆ ಜ್ವಾಲೆಯು ಕೊಳವೆಯೊಳಕ್ಕೆ ಇಳಿದು ಬುಡದಲ್ಲಿಯೇ ಉರಿಯುವುದುಂಟು. ಆಗ ಕೊಳವೆಯನ್ನು ಮುಟ್ಟದೆ ಗ್ಯಾಸನ್ನು ನಿಲ್ಲಿಸಿ, ಆರುವ ವರೆಗೆ ಕಾಯಬೇಕು. ನಮ್ಮ ಅಡಿಗೆಯ ಮನೆಗಳಲ್ಲಿ ಗ್ಯಾಸಿನ ಒಲೆಯ ಮುಂದೆ ತಾಯಂದಿರು ದಿನಾಲೂ ತೋರುವ ಎಚ್ಚರಿಕೆಗಿಂತ ಇದು ಬಹಳ ಬೇರೆಯಾದದ್ದಲ್ಲ. ಒಲೆಯೂ ಬುನ್ಸೆನ್ನನ ದೀಪದ ವಂಶದ್ದೇ.

ಈ ಜ್ವಾಲೆಗೆ ತನ್ನದೇ ಆದ ಬಣ್ಣವು ಬಹು ಸ್ವಲ್ಪ. ಆದುದರಿಂದ ಅದರಲ್ಲಿಟ್ಟ ಪದಾರ್ಥದ ಬಣ್ಣವು ಸ್ಪಷ್ಟವಾಗಿ ಕಾಣುತ್ತದೆ: ಉಪ್ಪಿನ ಸೋಡಿಯಮ್ಮಿಗೆ ಹಳದಿ, ಪೊಟಾಸಿಯಮ್ಮಿಗೆ ತಿಳಿನೇರಳೆ, ತಾಮ್ರಕ್ಕೆ ಹಸುರು, ಸ್ಟ್ರಾನ್ಷಿಯಮ್ಮಿಗೆ ಕಡುಗೆಂಪು. ಗೆಳೆಯನಾದ ಕಿರ್ಖಾಫನೊಡನೆ ಆ ಬೆಳಕನ್ನು ಗಾಜಿನ ಪಟ್ಟಕದ ಮೂಲಕ ಒಡೆದುನೋಡಿ, ೧೮೬೦ರಲ್ಲಿ ಸೀಸಿಯಮ್, ೧೮೬೧ರಲ್ಲಿ ರುಬಿಡಿಯಮ್ ಎಂಬ ಎರಡು ಹೊಸ ಮೂಲವಸ್ತುಗಳನ್ನು ಬುನ್ಸೆನ್ನನು ಕಂಡುಹಿಡಿದನು. ಮೊದಲನೆಯದಕ್ಕಾಗಿ ೪೦ ಟನ್ನಿಗೂ ಹೆಚ್ಚು ಖನಿಜದ ನೀರನ್ನು ಬತ್ತಿಸಬೇಕಾಯಿತು. ಮೊದಲನೆಯ ವರ್ಷದವರು ಲವಣದ ಪರೀಕ್ಷೆಯಲ್ಲಿ ಪ್ಲಾಟಿನಮ್ ತಂತಿಯನ್ನು ಜ್ವಾಲೆಗೆ ಹಿಡಿಯುವಾಗ ಆತನ ಕೆಲಸವನ್ನೇ ಮಾಡುತ್ತಿರುತ್ತಾರೆ.

ಆದರೂ ನನ್ನ ಅಭಿಪ್ರಾಯದಲ್ಲಿ ಬುನ್ಸೆನ್ನನ ಹಿರಿಮೆಯು ಮೂಲವಸ್ತುಗಳಲ್ಲಿ ಇಲ್ಲ, ಆತನ ಉಪಾಧ್ಯಾಯವೃತ್ತಿಯಲ್ಲಿದೆ. ಹೈಡೆಲ್‌ಬರ್ಗಿನಲ್ಲಿ ೩೭ ವರ್ಷ ಆತನು ಕಲಿಸಿದನು. ಉಪನ್ಯಾಸ ಮುಗಿದ ಮೇಲೆ ದಿನವೆಲ್ಲ ಪ್ರಯೋಗಶಾಲೆಯಲ್ಲಿಯೇ ಇರುವನು. ದೊಡ್ಡ ಪಂಡಿತರು ಹೊಸಬರನ್ನು ಸಹಾಯಕರ ವಶಕ್ಕೆ ಬಿಡುವುದು ರೂಢಿ. ಈತನಾದರೋ ಮೇಜಿನಿಂದ ಮೇಜಿಗೆ ಹೋಗಿ, ಸೋಸುವ ಕಾಗದವನ್ನು ಮಡಿಸುವುದು, ಗಾಜನ್ನು ಊದಿ ಬಗ್ಗಿಸುವುದು, ತೂಕ ಮಾಡುವುದು, ಇವುಗಳನ್ನು ತನ್ನ ಕೈಯಿಂದಲೇ ತೋರಿಸುವನು. ಶಿಷ್ಯರಿಂದ ಆತನು ಬಯಸಿದ್ದು ಶುಚಿತ್ವ, ನಿಖರತೆ, ತಾಳ್ಮೆ. ತಾನು ಕಂಡುಹಿಡಿದ ಸಂಗತಿಗಳನ್ನು ಹೇಳುವಾಗ ತನ್ನ ಹೆಸರನ್ನೇ ಎತ್ತುತ್ತಿರಲಿಲ್ಲ.

ಇಂದಿನ ಪ್ರಯೋಗಶಾಲೆಯೂ ಇದನ್ನೇ ಬಯಸುತ್ತದೆ. ಆ ದಿನದ ಪ್ರಯೋಗವನ್ನು ಮನೆಯಲ್ಲಿಯೇ ಓದಿಕೊಂಡು ಬರಬೇಕು. ಅಂಕಿಯನ್ನು ಕಂಡ ಕೂಡಲೇ ಕಂಡ ಹಾಗೆಯೇ ಬರೆಯಬೇಕು. ನೆರೆಯವಳ ಉತ್ತರಕ್ಕೆ ಹೊಂದುವಂತೆ ತಿದ್ದುವುದು ಕಳ್ಳತನವೇ. ಆಮ್ಲವನ್ನು ನೀರಿಗೆ ಸ್ವಲ್ಪಸ್ವಲ್ಪವಾಗಿ ಹೊಯ್ಯಬೇಕೇ ಹೊರತು ನೀರನ್ನು ಆಮ್ಲಕ್ಕೆ ಹೊಯ್ಯಬಾರದು, ಹೊಯ್ದರೆ ಅದು ಥಟ್ಟನೆ ಕುದಿದು ಮುಖಕ್ಕೆ ಸಿಡಿದೀತು. ಹಿಂದಿನವರು ಬಾಯಿಂದ ಸೇದಿ ಅಳೆಯುತ್ತಿದ್ದ ಕೊಳವೆಗೆ ಈಗ ರಬ್ಬರಿನ ಉಂಡೆಯನ್ನು ಉಪಯೋಗಿಸಬೇಕು.

ಬುನ್ಸೆನ್ನನ ಒಂದು ಅಭ್ಯಾಸವನ್ನು ಮಾತ್ರ ಯಾರೂ ಅನುಸರಿಸದಿರಲಿ. ಆತನ ಬೆರಳುಗಳ ಚರ್ಮವು ಎಷ್ಟು ಗಡುಸಾಗಿತ್ತೆಂದರೆ, ಕಾದ ಮೂಸೆಯ ಮುಚ್ಚಳವನ್ನು ಬರಿಗೈಯಿಂದಲೇ ಎತ್ತುತ್ತಿದ್ದನಂತೆ. ಶಿಷ್ಯರು ಇದನ್ನು ಬೆರಗಿನಿಂದ ಹೇಳಿಕೊಂಡಿದ್ದಾರೆ. ಕಾದ ಗಾಜೂ ತಣ್ಣಗಿನ ಗಾಜೂ ನೋಡಲು ಒಂದೇ ಬಗೆ. ನಮ್ಮ ಹುಡುಗಿಯರು ಇಕ್ಕಳವನ್ನು ಹಿಡಿದುಕೊಂಡರೆ ಅವರ ಕೀರ್ತಿಗೆ ಕುಂದಿಲ್ಲ.

ಇನ್ನು ಹೆಣ್ಣುಮಕ್ಕಳ ವಿಷಯ. ೧೮೬೯ರಲ್ಲಿ ರಷ್ಯಾ ದೇಶದ ಇಬ್ಬರು ತರುಣಿಯರು ಹೈಡೆಲ್‌ಬರ್ಗಿಗೆ ಬಂದರು. ಗಣಿತವನ್ನು ಕಲಿಯಬಂದವಳು ಸೋಫಿಯಾ ಕೊವಲೆವ್‌ಸ್ಕಾಯಾ. ರಸಾಯನವನ್ನು ಕಲಿಯಬಂದವಳು ಯೂಲಿಯಾ ಲೆರ್ಮೊಂಟೋವಾ. ಹೆಂಗಸರು ಅಲ್ಲಿ ವಿದ್ಯಾರ್ಥಿಗಳಾಗಿ ದಾಖಲಾಗುವಂತಿರಲಿಲ್ಲ. ಪ್ರತಿಯೊಬ್ಬ ಉಪಾಧ್ಯಾಯನ ಅಪ್ಪಣೆಯನ್ನೂ ಬೇರೆಬೇರೆಯಾಗಿ ಬೇಡಬೇಕಾಗಿತ್ತು. ತನ್ನ ಪ್ರಯೋಗಶಾಲೆಯಲ್ಲಿ ಯಾವ ಹೆಂಗಸೂ ಕಾಲಿಡಕೂಡದೆಂದು ಬುನ್ಸೆನ್ನನು ಹಟಹಿಡಿದಿದ್ದನು. ಇಷ್ಟು ಸಜ್ಜನನೂ ಈ ವಿಷಯದಲ್ಲಿ ತನ್ನ ಕಾಲದ ಮನುಷ್ಯನೇ. ಇದನ್ನು ಮುಚ್ಚಿಡುವುದು ಸರಿಯಲ್ಲ. ಕೊವಲೆವ್‌ಸ್ಕಾಯಾ ತಾನೇ ಆತನ ಬಳಿಗೆ ಹೋಗಿ ಗೆಳತಿಯ ಪರವಾಗಿ ಬೇಡಿಕೊಂಡಳು. ಆಕೆಯ ಮಾತಿಗೆ ಇಲ್ಲವೆನ್ನಲಾರದೆ ಆತನು ಒಪ್ಪಿಕೊಂಡನೆಂದೂ, ಆಮೇಲೆ ಆಕೆಯು ಅಪಾಯಕಾರಿಯಾದ ಹೆಂಗಸೆಂದು ಸ್ನೇಹಿತರೊಡನೆ ಹೇಳಿಕೊಂಡನೆಂದೂ ಕಥೆಯುಂಟು. ಪಾಷಾಣಕ್ಕೂ ಸಿಡಿಮದ್ದಿಗೂ ಅಂಜದವನು ಇಪ್ಪತ್ತರ ಪ್ರಾಯದ ಹುಡುಗಿಯ ಮಾತಿಗೆ ಅಂಜಿದನು! ಲೆರ್ಮೊಂಟೋವಾ ಆತನ ಪ್ರಯೋಗಶಾಲೆಯಲ್ಲಿ ಪ್ಲಾಟಿನಮ್ಮಿನ ಅದಿರುಗಳ ಮೇಲೆ ಕೆಲಸಮಾಡಿ, ೧೮೭೪ರಲ್ಲಿ ಗ್ಯೋಟಿಂಗೆನ್ನಿನಲ್ಲಿ ಡಾಕ್ಟರ್ ಪದವಿಯನ್ನು ಪಡೆದಳು. ಬುನ್ಸೆನ್ನನು ಪದವಿ ಪಡೆದ ವಿಶ್ವವಿದ್ಯಾನಿಲಯವೂ ಅದೇ. ರಸಾಯನದಲ್ಲಿ ಆ ಪದವಿಯನ್ನು ಪಡೆದ ಲೋಕದ ಮೊದಮೊದಲಿನ ಹೆಂಗಸರಲ್ಲಿ ಆಕೆ ಒಬ್ಬಳು.

ಅದೇ ೧೮೬೯ರಲ್ಲಿ ಪ್ಲಾಟಿನಮ್ ವರ್ಗದ ಲೋಹಗಳ ನುಣ್ಣನೆಯ ಪುಡಿಯು ಸಿಡಿದು ಬುನ್ಸೆನ್ನನ ಕೈಯೂ ಮುಖವೂ ಸುಟ್ಟವು. ಉಳಿದಿದ್ದ ಒಂದು ಕಣ್ಣು ಹೇಗೋ ಉಳಿಯಿತು. ನಲವತ್ತು ವರ್ಷದ ಅನುಭವವುಳ್ಳವನಿಗೂ ಹೀಗಾದದ್ದನ್ನು ನೋಡಿದರೆ, ತನಗೆ ಎಲ್ಲವೂ ತಿಳಿದಿದೆಯೆಂದು ಎಚ್ಚರಿಕೆಯನ್ನು ಸಡಿಲಿಸುವ ಎರಡನೆಯ ವರ್ಷದ ವಿದ್ಯಾರ್ಥಿನಿಯ ವಿಷಯದಲ್ಲಿಯೇ ನನಗೆ ಹೆಚ್ಚು ಚಿಂತೆ. ಮೊದಲನೆಯ ವರ್ಷದವಳು ಹೇಗೂ ಹೆದರಿಕೊಂಡಿರುತ್ತಾಳೆ. ೧೮೭೪ರಲ್ಲಿ ಇನ್ನೊಂದು ವಿಪತ್ತು. ಹಲವು ವರ್ಷ ಶ್ರಮಪಟ್ಟು ಬರೆದ ಪ್ರಬಂಧವು ಮೇಜಿನ ಮೇಲಿತ್ತು. ಬಳಿಯಲ್ಲಿ ನೀರು ತುಂಬಿದ ಗಾಜಿನ ಪಾತ್ರೆ. ಕಿಟಕಿಯ ಬಿಸಿಲು ಆ ಪಾತ್ರೆಯಲ್ಲಿ ಒಂದೆಡೆಗೆ ಕೂಡಿ, ಕಾಗದಗಳಿಗೆ ಬೆಂಕಿ ಹತ್ತಿ, ಆತನು ಹಿಂತಿರುಗುವಷ್ಟರಲ್ಲಿ ಎಲ್ಲವೂ ಬೂದಿಯಾಗಿತ್ತು. ಗ್ಯಾಸಿಲ್ಲ, ಆಮ್ಲವಿಲ್ಲ, ಬರಿಯ ನೀರು! ಅಷ್ಟನ್ನೂ ಪುನಃ ಮೊದಲಿನಿಂದ ಮಾಡಿ, ೧೮೭೫ರಲ್ಲಿ ಪ್ರಕಟಿಸಿದನು.

ಬುನ್ಸೆನ್ನನು ಮದುವೆಯಾಗಲಿಲ್ಲ. ಶಿಷ್ಯರೇ ಆತನ ಸಂಸಾರವಾಗಿದ್ದರು. ಇಂಗ್ಲೆಂಡಿನ ರಾಸ್ಕೋ, ಮುಂದೆ ನೊಬೆಲ್ ಬಹುಮಾನವನ್ನು ಪಡೆದ ಬೇಯರ್ ಮೊದಲಾದವರು ಆತನ ಮೇಜಿನ ಬಳಿಯಲ್ಲಿ ಕಲಿತವರೇ. ೧೮೮೯ರಲ್ಲಿ, ೭೮ನೆಯ ವಯಸ್ಸಿನಲ್ಲಿ, ಕೆಲಸವನ್ನು ಬಿಟ್ಟು, ಬಹುಕಾಲದಿಂದ ಪ್ರಿಯವಾಗಿದ್ದ ಭೂಗರ್ಭಶಾಸ್ತ್ರವನ್ನು ಓದುತ್ತ ಕಾಲಕಳೆದನು. ೧೮೯೯ನೆಯ ಆಗಸ್ಟ್ ೧೬ರಂದು ಹೈಡೆಲ್‌ಬರ್ಗಿನಲ್ಲಿಯೇ ತೀರಿಕೊಂಡನು. ಮರುವರ್ಷ, ೧೯೦೦ರಲ್ಲಿ, ಬಾಡೆನ್ ಸಂಸ್ಥಾನದ ಸರಕಾರವು ಹೆಣ್ಣುಮಕ್ಕಳು ಅಲ್ಲಿನ ವಿಶ್ವವಿದ್ಯಾನಿಲಯಗಳಲ್ಲಿ ಗಂಡುಮಕ್ಕಳಂತೆಯೇ ದಾಖಲಾಗಬಹುದೆಂದು ಅಪ್ಪಣೆಕೊಟ್ಟಿತು.